ನಾಕ ದಿನದ ಹಾಡು

ನಮ್ಮ ಅವ್ವನಿಗೆ ಕಿವಿ ಕೇಳಿಸುವುದಿಲ್ಲ ಎಂದು ಬನಹಟ್ಟಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳುವಂಥ ವಿಷಯವೇ ಅಲ್ಲ ಅದು. ಮಗ್ಗದ ಮನೆಗೆ ಸೊಸೆಯಾಗಿ ಬಂದು, ಪವರ್‌ಲೂಮುಗಳ ನಡುವೆಯೇ ವಯಸ್ಸು ಕಳೆದ ಹೆಂಗಸರಿಗೆ ಕಿವಿ ಮಂದವಾಗುವುದು ಕೂದಲು ಬೆಳ್ಳಗಾದಷ್ಟೇ ಸಹಜ. ಅವರು ಒಬ್ಬರ ಮಾತನ್ನು ಒಬ್ಬರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಲಾಳಿಗಳು ಆ ಕಡೆ ಈ ಕಡೆ ಬಡಿಯುತ್ತಿರುವಾಗ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಬರೀ ಬಾಯಿ ಆಡಿಸುತ್ತಲೇ ಒಂದು ಇಡೀ ಜಗಳವನ್ನು ಶುರುಮಾಡಿ ಮುಗಿಸಿಬಿಡುತ್ತಾರೆ. ಹೊರಗಿನವರು ಬಂದು ನೋಡಿದರೆ ಎಲ್ಲರೂ ಸುಮ್ಮನೆ ಕೆಲಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು. ನಾನೂ ಅಲ್ಲೇ ಬೆಳೆದವಳಾದ್ದರಿಂದ ಅಷ್ಟಿಷ್ಟು ತುಟಿ ಓದುತ್ತೇನೆ.

ಅವ್ವನ ಒಂದು ಮಾತು ಮಾತ್ರ ನನಗೆ ತುಟಿಯಲ್ಲೂ ದನಿಯಲ್ಲೂ ಬಾಯಿಪಾಠವಾಗಿತ್ತು. ಯಾರಾದರೂ ಮನೆಗೆ ಬಂದು, ನನ್ನನ್ನು ಕಂಡು, "ಮಗಳು ಯಾವಾಗ ಬಂದಾಳರೀ?" ಎಂದು ಕೇಳುವರು. ಅವ್ವ ಮುಖದ ಮೇಲೆ ಒಂದು ನಗೆ ತಂದುಕೊಂಡು, "ಮೊನ್ನೆ ಬಂದಾಳ್ರೀ. ನಾಕ ದಿನಾ ಇದ್ದ ಹೋಗ್ತಾಳ" ಎನ್ನುವಳು. ನಾನು ಬೀಳಗಿ ಕಡೆಯ ಗಂಡನ ಮನೆ ಬಿಟ್ಟು ಬಂದು ವರ್ಷಗಳೇ ಆಗಿದ್ದವು. ಕೋರ್ಟಿನಲ್ಲಿ ವಿಚ್ಛೇದನವೂ ಆಗಿ ಸೋಡಚೀಟಿಗೆ ಎರಡೂ ಕಡೆಯವರು ಸಹಿ ಮಾಡಿಯಾಗಿತ್ತು. ಅಲ್ಲಿಂದ ಯಾಕೆ ಬಂದೆ ಎಂಬುದರಲ್ಲಿ ಹೇಳುವಂಥ ವಿಶೇಷವೇನಿಲ್ಲ. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಆ ಮನೆಯಲ್ಲಿ ನಾನು ಇದ್ದರೂ ಇಲ್ಲದಿದ್ದರೂ ಯಾರಿಗೂ ವ್ಯತ್ಯಾಸವಾಗುತ್ತಿರಲಿಲ್ಲ. ಒಂದು ದಿನ ಎದ್ದು ಬಂದೆ, ಅಷ್ಟೆ.

ಬಂದ ಮೇಲೆ ಜಮಖಂಡಿ ಕೋರ್ಟಿನ ಎದುರಿಗಿರುವ ಒಂದು ಅಂಗಡಿಯಲ್ಲಿ ಟೈಪಿಂಗ್ ಕೆಲಸ ಹಿಡಿದೆ. ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು. ಅಫಿಡವಿಟ್ಟು, ಆಸ್ತಿ ಪಾಲಿನ ವಾಟ್ನಿ ಪತ್ರ, ಬೇರೆಯವರ ಸೋಡಚೀಟಿ ಎಲ್ಲವನ್ನೂ ಟೈಪು ಮಾಡುತ್ತೇನೆ. ಊರಿಗೆಲ್ಲ ನಾನು ದಿನಾ ಕೆಲಸಕ್ಕೆ ಹೋಗುವುದು ಕಾಣುತ್ತಿತ್ತು. ಆದರೂ ಅವ್ವನ ಲೆಕ್ಕದಲ್ಲಿ ನಾನು ನಾಲ್ಕು ದಿನಕ್ಕೆ ಬಂದವಳೇ. ನನ್ನ ಸೀರೆಗಳು ಸೂಟ್‌ಕೇಸಿನಲ್ಲೇ ಇದ್ದವು. ಕಪಾಟಿನಲ್ಲಿ ಜಾಗ ಇಲ್ಲ ಎಂದು ಅವ್ವ ಹೇಳುತ್ತಿದ್ದಳು. ಸೂಟ್‌ಕೇಸು ಮಂಚದ ಕೆಳಗಿತ್ತು, ಯಾವ ಬಸ್ಸಿಗಾದರೂ ಸಿದ್ಧವಾಗಿ.

ಗ್ರಂಜ್ ಎಂಬ ಸಂಗೀತ ನಮ್ಮ ಮನೆಗೆ ಬಂದದ್ದು ನನ್ನ ತಮ್ಮನ ಮೂಲಕ. ಅವನು ಮುಧೋಳದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಫೋನಿನಲ್ಲಿ ನೋಡಿಯೇ ಗಿಟಾರ್ ಕಲಿತವನು. ಒಂದು ಭಾನುವಾರ ನನ್ನ ಕಿವಿಗೆ ಇಯರ್‌ಫೋನ್ ಚುಚ್ಚಿ ಒಂದು ಹಾಡು ಕೇಳಿಸಿದ. ಯಾರೋ ಮೊದಲು ಗುಸುಗುಸು ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ಗಂಟಲು ಹರಿಯುವಂತೆ ಚೀರಿದರು.

"ಇದೇನಲೇ, ಯಾರಿಗೋ ಚೇಳ ಕಡದೈತಿ" ಎಂದೆ.

"ಇದಕ್ಕ ಗ್ರಂಜ್ ಅಂತಾರಕ್ಕಾ. ಇದರಾಗ ಚಂದ ಹಾಡಬಾರದು. ಒಳಗ ಏನೈತಿ, ಅದು ಹೊರಗ ಬರಬೇಕು. ಮೊದಲ ಮೆಲ್ಲಕ, ಆಮ್ಯಾಲ ಜೋರ."

ಚಂದ ಹಾಡಬಾರದು ಎಂಬ ಮಾತು ನನಗೆ ಹಿಡಿಸಿತು. ಶಾಲೆಯಲ್ಲಿ ಪ್ರಾರ್ಥನೆ, ಮನೆಯಲ್ಲಿ ಆರತಿ, ಹೆಣ್ಣು ನೋಡಲು ಬಂದವರ ಮುಂದೆ ಒಂದು ವಚನ, ಹೀಗೆ ಅಲ್ಲಿಯವರೆಗೆ ಹಾಡಿದ್ದನ್ನೆಲ್ಲ ಚಂದ ಹಾಡಿ ಸಾಕಾಗಿತ್ತು. ಮಗ್ಗದ ಸದ್ದಿನಲ್ಲಿ ಬೆಳೆದ ಗಂಟಲು ನಮ್ಮದು, ಚೀರುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಮ್ಮನ ಒಬ್ಬ ಗೆಳೆಯ ಮುಧೋಳದವನು, ಮದುವೆಯ ಬ್ಯಾಂಡ್ ಕಂಪನಿಯ ಮನೆತನದವನು. ಮೆರವಣಿಗೆಯಲ್ಲಿ ಡ್ರಮ್ಮು ಬಾರಿಸಿ ಬೇಸತ್ತಿದ್ದ. ಭಾನುವಾರಗಳಂದು ನಾವು ಮೂವರೂ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸೇರತೊಡಗಿದೆವು. ಮೊಣಕಾಲು ನೋವಿನಿಂದ ಅವ್ವ ಮೇಲೆ ಹತ್ತುತ್ತಿರಲಿಲ್ಲ. ಕೆಳಗೆ ಶೆಡ್ಡಿನಲ್ಲಿ ಮಗ್ಗಗಳ ಜೊತೆ ಅವಳು, ಮೇಲೆ ನಾವು.

ಇಷ್ಟೇ ಆಗಿದ್ದರೆ ಇದೊಂದು ರಜೆಯ ಆಟವಾಗಿ ಮುಗಿಯುತ್ತಿತ್ತೇನೋ. ಆದರೆ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಬೆಳಗಾವಿಯ ಡಾಕ್ಟರು ಪರೀಕ್ಷೆ ಮಾಡಿಸಿ, ಥೈರಾಯ್ಡ್ ಗಂಟು, ಜೀವಕ್ಕೆ ಭಯವಿಲ್ಲ, ಆದರೆ ತೆಗೆಯಲೇಬೇಕು ಎಂದರು. ದನಿಯ ನರ ಅದಕ್ಕೆ ಅಂಟಿಕೊಂಡೇ ಹೋಗುತ್ತದಂತೆ. ಆಪರೇಶನ್ ಆದಮೇಲೆ ದನಿ ಬದಲಾಗಬಹುದು, ಜೋರಾಗಿ ಕೂಗಲು ಆಗದೆ ಹೋಗಬಹುದು, ಆಗಲಿಕ್ಕೂ ಇಲ್ಲ, ಮೊದಲೇ ಹೇಳಲು ಬರುವುದಿಲ್ಲ ಎಂದರು. ನಾನು ಟೈಪಿಸ್ಟು, ದನಿಯಿಂದ ಬದುಕುವವಳಲ್ಲ. ಡಾಕ್ಟರಿಗೆ "ಆತು, ನಡೀತೈತ್ರಿ" ಎಂದೆ. ಬಸ್ಸಿನಲ್ಲಿ ಬರುವಾಗ ಲೋಕಾಪುರ ದಾಟಿದ ಮೇಲೆ ಒಮ್ಮೆಲೇ ಹೆದರಿಕೆಯಾಯಿತು. ನನಗೆ ದನಿ ಇರುವಾಗ ಅವ್ವನಿಗೆ ಹೇಳಬೇಕಾದ ಒಂದೇ ಒಂದು ಮಾತನ್ನು ನಾನು ಇನ್ನೂ ಹೇಳಿರಲಿಲ್ಲ. ನಾನು ನಾಕ ದಿನಕ್ಕೆ ಬಂದವಳಲ್ಲ ಎಂಬ ಮಾತು.

ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯವಿರಲಿಲ್ಲ. ಹೇಳಿದರೆ ಅವಳು ಅಳುತ್ತಾಳೆ, ಇಲ್ಲವೇ ಊಟ ಬಿಡುತ್ತಾಳೆ. ಆದ್ದರಿಂದ ಹಾಡಿನಲ್ಲಿ ಹೇಳಿದೆ, ಅದೂ ಅವ್ವನಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ. ಹಾಡಿಗೆ ಸಾಹಿತ್ಯ ಎನ್ನುವಷ್ಟು ಸಾಹಿತ್ಯವೇನಿಲ್ಲ.

ಬಾಗಲ ಮುಂದ ಚಪ್ಪಲಿ
ಯಾರದಂತ ಕೇಳ್ತಾರ
ಬಂದಾಕಿದು ಅಂತಾರ
ಹೋಗಾಕಿದು ಅಂತಾರ

ಇಷ್ಟನ್ನು ಮೆಲ್ಲಗೆ, ಹೆಚ್ಚುಕಡಿಮೆ ಮಾತಿನಂತೆ ಹಾಡುವುದು. ಆಮೇಲೆ ತಮ್ಮನ ಗಿಟಾರು ಕೆಟ್ಟ ಗಿರಣಿಯಂತೆ ಗರಗರ ಎನ್ನತೊಡಗಿದಾಗ, "ನಾಕ ದಿನಾ! ನಾಕ ದಿನಾ!" ಎಂದು ಚೀರುವುದು. ಮೊದಲ ಸಲ ಚೀರಿದಾಗ ಡ್ರಮ್ಮಿನವನು ಬಾರಿಸುವುದನ್ನೇ ಬಿಟ್ಟು, "ಅಕ್ಕಾರ, ನಿಮಗ ಇಷ್ಟ ಸಿಟ್ಟ ಐತೇನ್ರೀ?" ಎಂದು ಕೇಳಿದ. ಇದೆ ಎಂದು ನನಗೂ ಆಗಲೇ ಗೊತ್ತಾದದ್ದು.

ಹಾಡೇನೋ ಆಯಿತು, ಅದನ್ನು ಹಿಡಿದಿಡುವುದೇ ದೊಡ್ಡ ಫಜೀತಿಯಾಯಿತು. ರೆಕಾರ್ಡ್ ಮಾಡಲು ಮೈಕು, ಕಂಪ್ಯೂಟರು ಎಲ್ಲವನ್ನೂ ತಮ್ಮ ಹೊಂದಿಸಿದ್ದ. ಆದರೆ ನಮ್ಮ ಓಣಿಯಲ್ಲಿ ಕರೆಂಟು ಇದ್ದರೆ ಮಗ್ಗಗಳು ನಡೆಯುತ್ತವೆ. ಮಗ್ಗ ನಡೆದರೆ ನೆಲವೇ ನಡುಗುತ್ತದೆ, ಮೈಕಿಗೆ ನನ್ನ ದನಿಗಿಂತ ಲಾಳಿಯ ದನಿಯೇ ಮೊದಲು ಮುಟ್ಟುತ್ತದೆ. ಕರೆಂಟು ಹೋದರೆ ಓಣಿಗೆ ಓಣಿಯೇ ಸ್ತಬ್ಧ. ಆಗ ಗಿಟಾರಿನ ಆಂಪ್ಲಿಫೈಯರೂ ಸ್ತಬ್ಧ. ಕರೆಂಟಿದ್ದಾಗ ಸದ್ದು, ಕರೆಂಟಿಲ್ಲದಾಗ ಶಾಂತಿ. ಜಮಖಂಡಿಯ ಸ್ಟುಡಿಯೋಕ್ಕೆ ಹೋಗೋಣವೆಂದರೆ ಅಲ್ಲಿಯವನು ನನ್ನ ಚೀರಾಟ ಕೇಳಿ, ಮೈಕು ಕೆಡುತ್ತದೆ ಎಂದು ಕೈಮುಗಿದು ಕಳಿಸಿದ್ದ.

ಕರೆಂಟೂ ಇದ್ದು ಮಗ್ಗವೂ ನಿಲ್ಲುವ ದಿನ ನಮ್ಮಲ್ಲಿ ಒಂದೇ, ಅಮಾವಾಸ್ಯೆ. ಆವತ್ತು ನಮ್ಮ ಓಣಿಯಲ್ಲಿ ಯಾರೂ ಮಗ್ಗ ನಡೆಸುವುದಿಲ್ಲ. ಎಣ್ಣೆ ಒರೆಸಿ, ಪೂಜೆ ಮಾಡಿ, ಹೋಳಿಗೆ ಉಂಡು ಮಲಗುತ್ತಾರೆ. ನನ್ನ ಆಪರೇಶನ್ನಿಗೆ ಮುಂಚೆ ಉಳಿದಿದ್ದ ಅಮಾವಾಸ್ಯೆಯೂ ಒಂದೇ.

ಆವತ್ತು ಮಧ್ಯಾಹ್ನ, ಓಣಿಯೆಲ್ಲ ಉಂಡು ಮಲಗಿದ ಹೊತ್ತು, ನಾವು ಮೇಲಿನ ಕೋಣೆಯ ಕಿಟಕಿಗಳಿಗೆ ಹಾಸಿಗೆಗಳನ್ನು ಆನಿಸಿಟ್ಟು ಬಾಗಿಲು ಹಾಕಿಕೊಂಡೆವು. ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡಿದ್ದರಿಂದ ನನ್ನ ಕೂದಲು ಬಿಚ್ಚಿಯೇ ಇತ್ತು. ಒಂದು ಸಲ ಸುಮ್ಮನೆ ಹಾಡಿ ನೋಡಿದೆವು, ಸರಿಯಾಗಲಿಲ್ಲ. ಎರಡನೆಯ ಸಲ ಸರಿಯಾಯಿತು. ಹೇಗೆ ಸರಿಯಾಯಿತೆಂದು ನನಗೆ ಹೇಳಲು ಬಾರದು. ಇನ್ನೊಂದು ಅಮಾವಾಸ್ಯೆಗೆ ಈ ದನಿ ಇರುತ್ತದೋ ಇಲ್ಲವೋ ಎಂಬುದೊಂದೇ ತಲೆಯಲ್ಲಿತ್ತು. ಕೊನೆಯ ಚೀರಾಟ ಮುಗಿಯುವ ಹೊತ್ತಿಗೆ ನನ್ನ ಕಣ್ಣಿಗೆ ಕತ್ತಲೆ ಬಂದಿತ್ತು. ಅಷ್ಟರಲ್ಲಿ ಯಾರೋ ಬಾಗಿಲನ್ನು ದಬದಬ ಬಡಿದರು.

ತಮ್ಮ ಬಾಗಿಲು ತೆರೆದ. ಮೆಟ್ಟಿಲ ತುಂಬ ಓಣಿಯ ಹೆಂಗಸರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಕಾಕಿ, ಒಂದು ಕೈಯಲ್ಲಿ ಲಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಬೇವಿನ ಟೊಂಗೆ. ಅಮಾವಾಸ್ಯೆಯ ಮಧ್ಯಾಹ್ನ, ಗಂಡನ ಮನೆ ಬಿಟ್ಟು ಬಂದ ಹೆಂಗಸು ಬಾಗಿಲು ಹಾಕಿಕೊಂಡು ಚೀರುತ್ತಿದ್ದಾಳೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ನನ್ನ ಬಿಚ್ಚಿದ ಕೂದಲು, ಬೆವರಿದ ಮುಖ ನೋಡಿ ಕಾಕಿಗೆ ಉಳಿದ ಅನುಮಾನವೂ ಹೋಯಿತು.

"ಯಾವದು ಬಡದೈತಿ, ಮೊದಲ ಹೆಸರ ಕೇಳ್ರಿ ಅದಕ್ಕ!" ಎಂದು ಹಿಂದಿನವರಿಗೆ ಹೇಳಿದಳು.

"ಕಾಕೀ, ಅಕ್ಕ ಹಾಡಾಕತ್ತಿದ್ಲು" ಎಂದ ತಮ್ಮ.

"ಹಾಡ ಹಿಂಗಿರ್ತೈತೇನೋ?"

ಆ ಗುಂಪನ್ನು ಸರಿಸಿಕೊಂಡು, ಮೊಣಕಾಲು ಹಿಡಿದುಕೊಂಡು, ಅವ್ವ ಹತ್ತಿ ಬಂದಳು. ಅವಳಿಗೆ ಏನೂ ಕೇಳಿಸಿರಲಿಲ್ಲ. ಜನ ನೋಡಿ ಬಂದಿದ್ದಳು. ಕಾಕಿ ಅವಳ ಮುಖಕ್ಕೆ ತಿರುಗಿ, ತುಟಿ ಬಿಡಿಸಿ ಬಿಡಿಸಿ, "ವೈನೀ, ಮಗಳಿಗೆ ಮೈಮ್ಯಾಲ ಬಂದೈತಿ" ಎಂದಳು. ಅವ್ವ ನನ್ನನ್ನು ನೋಡಿದಳು, ಗಿಟಾರು ನೋಡಿದಳು, ಓಣಿಯವರನ್ನು ನೋಡಿದಳು. ಮಗ್ಗದ ಹೆಂಗಸರು ಶೆಡ್ಡಿನ ಹೊರಗೆ ಮಾತಾಡಿದರೆ ಜೋರಾಗಿಯೇ ಮಾತಾಡುವುದು.

"ಏನೂ ಆಗಿಲ್ಲ ಅಕಿಗೆ. ಬ್ಯಾಸರಕ ಏನೋ ಹಾಡ್ಕೊಂಡಾಳ. ನಾಕ ದಿನಾ ಇದ್ದ ಹೋಗ್ತಾಳ, ಬಿಡ್ರಿ!"

ಹೆಂಗಸರು ಇಳಿದು ಹೋದರು. ಕಾಕಿ ಮಾತ್ರ ಲಿಂಬೆಹಣ್ಣನ್ನು ಹೊಸ್ತಿಲ ಮೇಲೆ ಬಿಟ್ಟುಹೋದಳು. ಆಮೇಲೆ ಮೂವರೂ ಕೂತು ಕೇಳಿದಾಗ ಗೊತ್ತಾಯಿತು, ಗಡಿಬಿಡಿಯಲ್ಲಿ ಯಾರೂ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ನನ್ನ ಕೊನೆಯ ಚೀರಾಟ, ಬಾಗಿಲ ಬಡಿತ, ಗದ್ದಲ, ಎಲ್ಲದರ ಮೇಲೆ ಸ್ಪಷ್ಟವಾಗಿ ಅವ್ವನ ದನಿ. ಡ್ರಮ್ಮಿನವನು ಗದ್ದಲವನ್ನೆಲ್ಲ ಕತ್ತರಿಸಿ, ಆ ಒಂದು ವಾಕ್ಯವನ್ನು ಹಾಡಿನ ತುದಿಗೆ ಇಟ್ಟು ಕೇಳಿಸಿದ. ಸಂಗೀತವೆಲ್ಲ ನಿಂತ ಮೇಲೆ ಬರೀ ಅವ್ವ. ನಾಕ ದಿನಾ ಇದ್ದ ಹೋಗ್ತಾಳ.

"ತಗೀಲೇನ್ರೀ ಅಕ್ಕಾರ?" ಎಂದ.

ಇರಲಿ ಎಂದೆ. ನನಗೆ ಸಿಟ್ಟು ಬಂದಿತ್ತು. ನಾನು ಅಷ್ಟು ಚೀರಿ ಹೇಳಿದ ಮಾತಿಗೆ ಅವಳು ಅದೇ ಮೆಟ್ಟಿಲ ಮೇಲೆ ನಿಂತು ಅದೇ ಹಳೆಯ ಉತ್ತರ ಕೊಟ್ಟಿದ್ದಳು. ಕೇಳಿಸಿರಲಿಲ್ಲ, ನಿಜ. ಆದರೂ ಸಿಟ್ಟು ಬರುವುದು ಬಂತು.

ಆಪರೇಶನ್ ಆಯಿತು. ಗಂಟು ಹೋಯಿತು, ಅದರ ಜೊತೆ ದನಿಯೂ ಹೋಯಿತು. ಪೂರ್ತಿ ಹೋಗಲಿಲ್ಲ, ಗಾಳಿಯಂಥದ್ದೊಂದು ಉಳಿಯಿತು. ತಿಂಗಳುಗಟ್ಟಲೆ ಹೀಗಿದ್ದು ಸುಧಾರಿಸಬಹುದು, ಕಾಯಬೇಕು ಎಂದರು ಡಾಕ್ಟರು. ಕೋರ್ಟಿನ ಮುಂದೆ ಕಕ್ಷಿದಾರರು, "ಏನಂದ್ರಿ? ಜೋರ ಹೇಳ್ರಿ" ಎನ್ನುವರು. ಬಸ್ಸಿನಲ್ಲಿ ಕಂಡಕ್ಟರು ಮೂರು ಸಲ ಊರು ಕೇಳುವನು. ತಮ್ಮನೂ ನನ್ನ ಬಾಯಿಯ ಹತ್ತಿರ ಕಿವಿ ತರುವನು. ಯಾವ ತೊಂದರೆಯೂ ಆಗದೆ ಇದ್ದದ್ದು ಅವ್ವನೊಬ್ಬಳಿಗೆ. ಅವಳು ಮೊದಲಿನಿಂದಲೂ ನನ್ನ ದನಿ ಕೇಳುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಬರೀ ತುಟಿಯಲ್ಲಿ "ಇನ್ನಷ್ಟ ಸಾರ ಹಾಕು" ಎಂದರೆ, ಒಲೆಯ ಮುಂದಿನಿಂದಲೇ ಓದಿಕೊಂಡು ಹಾಕುವಳು. ಆ ತಿಂಗಳುಗಳಲ್ಲಿ ನಾನು ಅವಳೊಬ್ಬಳ ಜೊತೆಗೇ ಹೆಚ್ಚು ಮಾತಾಡಿದೆ ಎನಿಸುತ್ತದೆ. ಮಾತೆಂದರೆ ಸಾರು, ರೊಟ್ಟಿ, ಗುಳಿಗೆ. ಬೇರೇನಿಲ್ಲ.

ಹಾಡಿಗೆ ವಿಡಿಯೋ ಮಾಡಲೇಬೇಕೆಂದು ತಮ್ಮ ಹಟ ಹಿಡಿದ. ಬರೀ ಹಾಡನ್ನು ಈಗ ಯಾರೂ ಕೇಳುವುದಿಲ್ಲವಂತೆ. ದನಿಯಿಲ್ಲದವಳು ಹೇಗೆ ಹಾಡಲಿ ಎಂದರೆ, "ವಿಡಿಯೋದಾಗ ಯಾರೂ ಹಾಡಂಗಿಲ್ಲಕ್ಕಾ, ಬಾಯಿ ಅಷ್ಟ ಆಡಸ್ತಾರ" ಎಂದ. ನನ್ನ ಗಂಟಲಿನಿಂದ ಹೋದ ದನಿಗೆ ನಾನೇ ಬಾಯಿ ಆಡಿಸುವುದು. ಒಪ್ಪಿಕೊಂಡೆ. ಗಾಯದ ಗೆರೆ ಕಾಣದಂತೆ ಕುತ್ತಿಗೆಗೆ ಓಢಣಿ ಸುತ್ತಿಕೊಂಡೆ.

ಕ್ಯಾಮೆರಾಕ್ಕೆ ಜಮಖಂಡಿಯ ಮದುವೆ ವಿಡಿಯೋದವನು ಬಂದ. ಅವನಿಗೆ ಮದುವೆ ಬಿಟ್ಟರೆ ಸೀಮಂತ ಗೊತ್ತು, ಅದನ್ನು ಬಿಟ್ಟರೆ ಗೃಹಪ್ರವೇಶ. ಬಂದವನೇ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಗಲು ಹೇಳಿದ. ಯಾರೂ ನಗಬಾರದು ಎಂದು ತಮ್ಮ ಅವನಿಗೆ ತಿಳಿಸಿ ಹೇಳುವುದರಲ್ಲಿ ಅರ್ಧ ಬೆಳಗು ಹೋಯಿತು. ತಮ್ಮ ತಾನು ಹಾಕಿಕೊಳ್ಳಲು ಮೊಣಕಾಲಲ್ಲಿ ಹರಿದ ಜೀನ್ಸು ತರಿಸಿದ್ದ. ಹರಿದ ಬಟ್ಟೆ ನೋಡಿ ಅವ್ವ ಅದನ್ನು ಮಗ್ಗ ಒರೆಸುವ ಚಿಂದಿಯ ಬುಟ್ಟಿಗೆ ಹಾಕಿದ್ದಳು. ಅವನು ಹುಡುಕಿ ತೆಗೆಯುವಷ್ಟರಲ್ಲಿ ಅದಕ್ಕೆ ಎಣ್ಣೆಯ ಕಲೆ ಹತ್ತಿತ್ತು. ಹಾಗೇ ಹಾಕಿಕೊಂಡ. ಈಗ ಖರೇ ಗ್ರಂಜ್ ಆಯಿತು ಎಂದು ಡ್ರಮ್ಮಿನವನು ನಕ್ಕ.

ಶೂಟಿಂಗು ಕೆಳಗಿನ ಶೆಡ್ಡಿನಲ್ಲಿ, ಮಗ್ಗಗಳು ನಡೆಯುತ್ತಿರುವಾಗಲೇ. ನೋಡಲು ಚೆನ್ನಾಗಿರುತ್ತದೆ ಎಂದು ವಿಡಿಯೋದವನ ಅಭಿಪ್ರಾಯ. ಸದ್ದಿನ ಚಿಂತೆ ಈಗ ಇರಲಿಲ್ಲ. ಕೂದಲೊಳಗೆ ಇಯರ್‌ಫೋನ್ ಅಡಗಿಸಿಕೊಂಡು ನಾನು ಎರಡು ಮಗ್ಗಗಳ ನಡುವೆ ನಿಂತೆ. ಎದುರಿಗೆ ಕ್ಯಾಮೆರಾ. ಅದರ ಹಿಂದಿನ ಮಗ್ಗದ ಬಳಿ ಅವ್ವ, ಎಂದಿನಂತೆ ನೂಲು ಹರಿಯುತ್ತದೋ ಎಂದು ನೋಡುತ್ತ.

ಹಾಡು ಶುರುವಾಯಿತು. ಬಾಗಲ ಮುಂದ ಚಪ್ಪಲಿ ಎಂದು ಬಾಯಿ ಆಡಿಸಿದೆ. ಕಿವಿಯಲ್ಲಿ ನನ್ನ ಹಳೆಯ ದನಿ. ಅವ್ವ ತಲೆ ಎತ್ತಿದಳು. ಆಗ ನನಗೆ ಹೊಳೆಯಿತು. ಮೇಲಿನ ಕೋಣೆ, ಮೈಕು, ಅಮಾವಾಸ್ಯೆ ಎಲ್ಲವನ್ನೂ ಯೋಚಿಸಿದ್ದ ನಾನು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಮೇಲೆ ಹಾಡಿದ್ದು ಅವ್ವನಿಗೆ ಕೇಳಿಸಿರಲಿಲ್ಲ. ಇಲ್ಲಿ, ಅವಳದೇ ಶೆಡ್ಡಿನಲ್ಲಿ, ನಾನು ಅವಳ ಮುಖಕ್ಕೆ ನೇರವಾಗಿ ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಆಡಿ ತೋರಿಸುತ್ತಿದ್ದೆ. ನಿಲ್ಲಿಸಲು ಆಗಲಿಲ್ಲ. ನಿಲ್ಲಿಸಬೇಕೆಂದು ಅನಿಸಲೂ ಇಲ್ಲ. ಬಂದಾಕಿದು ಅಂತಾರ. ಹೋಗಾಕಿದು ಅಂತಾರ. ಆಮೇಲೆ ನಾಕ ದಿನಾ.

ಆ ಮಾತಿಗೆ ತುಟಿಗಳು ಒಂದಕ್ಕೊಂದು ಕೂಡುವುದಿಲ್ಲ, ಓದುವುದು ಕಷ್ಟ. ಆದರೆ ಅದು ಅವ್ವನದೇ ಮಾತು. ನನ್ನ ಬಾಯಿಯ ಜೊತೆ ಅವಳ ಬಾಯಿಯೂ ಸಣ್ಣಗೆ ಅಲುಗಾಡಿ, ಥಟ್ಟನೆ ನಿಂತಿತು. ಅವಳ ಮಗ್ಗದಲ್ಲಿ ನೂಲು ಹರಿದಿತ್ತು. ಅವಳು ಅದನ್ನು ನೋಡಲಿಲ್ಲ. ಹಾಡು ಮುಗಿಯುವವರೆಗೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

ಇನ್ನು ಉಳಿದಿದ್ದದ್ದು ಕೊನೆಯ ಆ ಒಂದು ವಾಕ್ಯ. ದನಿ ಯಾರದೋ ಅವರ ಮುಖವೇ ಬೇಕು ಎಂದ ವಿಡಿಯೋದವನು. ತಮ್ಮ ಅವ್ವನ ಮುಂದೆ ಹೋಗಿ, ಅಮಾವಾಸ್ಯೆಯ ದಿನ ನೀನು ಮೆಟ್ಟಿಲ ಮೇಲೆ ಆಡಿದ ಮಾತು ಹಾಡಿನಲ್ಲಿದೆ, ಅದನ್ನೇ ಕ್ಯಾಮೆರಾ ನೋಡಿ ಇನ್ನೊಮ್ಮೆ ಆಡು ಎಂದು ತಿಳಿಸಿ ಹೇಳಿದ. ಅವ್ವ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ನಿಂತಳು. ಮಗ್ಗಗಳು ನಡೆದೇ ಇದ್ದವು. ಅವಳು ಬಾಯಿ ತೆರೆದು ಹೇಳಿದಳು. ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ವಿಡಿಯೋದವನು ತನ್ನ ಯಂತ್ರದಲ್ಲಿ ಎರಡನ್ನೂ ಕೂಡಿಸಿ ನೋಡಿ ತಲೆ ಅಲ್ಲಾಡಿಸಿದ.

"ಅವ್ವಾರ, ಮಾತಿಗೂ ಬಾಯಿಗೂ ಕೂಡವಲ್ದು. ಇನ್ನೊಮ್ಮೆ ಅನ್ರಿ."

ಅವ್ವ ಇನ್ನೊಮ್ಮೆ ಅಂದಳು. ಕೂಡಲಿಲ್ಲ. ಮತ್ತೊಮ್ಮೆ ಅಂದಳು. ಮೊದಲ ಸಲ ಅಂದದ್ದನ್ನೇ ಅಂದಳು. ನಾನು ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದೆ. ನಾಕ ದಿನಾ ಇದ್ದ ಹೋಗ್ತಾಳ ಎಂದರೆ ತುಟಿ ಒಮ್ಮೆಯೂ ಕೂಡಬಾರದು. ಅವ್ವನ ತುಟಿ ಎರಡು ಸಲ ಕೂಡಿ ಬಿಟ್ಟಿತು. "ನನ್ನ ಮಗಳ ಮನಿ ಇದು." ಅದನ್ನೇ ಮೂರು ಸಲವೂ ಅಂದಳು. ಕ್ಯಾಮೆರಾ ನೋಡಿ ಅನ್ನಲಿಲ್ಲ, ನನ್ನನ್ನು ನೋಡಿ ಅಂದಳು. ನನಗೆ ಅಳು ಬಂತು. ದನಿಯಿಲ್ಲದೆ ಅಳುವುದನ್ನು ನೋಡಿ ವಿಡಿಯೋದವನು ಇದೂ ಬೇಕೇನೋ ಎಂದು ಕ್ಯಾಮೆರಾ ನನ್ನ ಕಡೆ ತಿರುಗಿಸಿದ. ಬೇಡವೆಂದು ಕೈ ಮಾಡಿದೆ.

ಹಾಡು ಯೂಟ್ಯೂಬಿಗೆ ಬಿದ್ದ ಮೇಲೆ ಕೆಲವರು ನೋಡಿದರು. ಎಲ್ಲೆಲ್ಲಿಯವರೋ ಕಾಮೆಂಟು ಹಾಕಿದರು. ಚೆನ್ನಾಗಿದೆ ಎಂದರು, ಕಿವಿ ನೋವು ಎಂದರು. ಕೊನೆಯಲ್ಲಿ ಅಜ್ಜಿಯ ಬಾಯಿಗೂ ಮಾತಿಗೂ ಹೊಂದಿಕೆಯಿಲ್ಲ, ಇಷ್ಟು ಕಷ್ಟಪಟ್ಟು ಅದೊಂದನ್ನು ಯಾಕೆ ಕೆಡಿಸಿದಿರಿ ಎಂದು ಬಹಳ ಜನ ಬರೆದರು. ತಮ್ಮ ಆ ಭಾಗವನ್ನು ತೆಗೆದುಬಿಡಲೇ ಎಂದು ಕೇಳಿದ. ನಾನು ಬೇಡವೆಂದೆ. ಯಾಕೆಂದು ಅವನಿಗೆ ಹೇಳಿಲ್ಲ. ಅವನು ಗಂಡುಹುಡುಗ, ಶೆಡ್ಡಿನಲ್ಲಿ ಹೆಚ್ಚು ಹೊತ್ತು ನಿಂತವನಲ್ಲ. ನನ್ನ ಸೂಟ್‌ಕೇಸು ಇನ್ನೂ ಮಂಚದ ಕೆಳಗೇ ಇದೆ, ಆದರೆ ಖಾಲಿ. ಕಪಾಟಿನಲ್ಲಿ ಜಾಗವಿಲ್ಲ ಎಂದು ಅವ್ವ ಅಂದದ್ದು ಸುಳ್ಳೇನೂ ಆಗಿರಲಿಲ್ಲ. ತನ್ನ ಸೀರೆಗಳನ್ನು ಒತ್ತಿ ಒತ್ತಿ ಇಟ್ಟು ನನಗೊಂದು ಖಾನೆ ಬಿಡಿಸಿಕೊಟ್ಟಳು.

ಒಂದು ಮಧ್ಯಾಹ್ನ ಲಿಂಬೆಹಣ್ಣಿನ ಕಾಕಿ ಯಾರದೋ ಫೋನು ಹಿಡಿದುಕೊಂಡು ಶೆಡ್ಡಿಗೆ ಬಂದಳು. ಮಗ್ಗಗಳು ನಡೆಯುತ್ತಿದ್ದವು. ಅವಳಿಗೂ ಕಿವಿ ಅಷ್ಟಕ್ಕಷ್ಟೆ, ಹಾಡಿನ ದನಿ ಇದ್ದರೂ ಒಂದೇ ಇರದಿದ್ದರೂ ಒಂದೇ. ಕಂಬಕ್ಕೆ ಒರಗಿ ನಿಂತು, ಫೋನನ್ನು ಕಣ್ಣ ಹತ್ತಿರ ಹಿಡಿದು ಕೊನೆಯವರೆಗೂ ನೋಡಿದಳು. ಆಮೇಲೆ ತಲೆ ಎತ್ತಿ, ಆಚೆ ತುದಿಯಲ್ಲಿದ್ದ ಅವ್ವನಿಗೆ ತುಟಿಯಲ್ಲೇ ಕೇಳಿದಳು.

"ಖರೇನ, ವೈನೀ?"

"ಖರೆ" ಎಂದಳು ಅವ್ವ, ಮತ್ತು ಹರಿದ ನೂಲಿಗೆ ಗಂಟು ಹಾಕಿದಳು.